ರಸ್ತೆಯಿಲ್ಲದ ಊರಿಗೆ ಸಣ್ಣ ವಿಮಾನ: ಜೊತೆಗೆ ಏನೇನಿರಬೇಕು? (ಪ್ರಶ್ನೋತ್ತರ)

ಪ್ರಶ್ನೆ: ಅಕ್ಕಾ ನಮಸ್ತೆ. ನಾನು ಜಕ್ಕೂರಿನಲ್ಲಿ ವಿಮಾನ ಹಾರಿಸೋದು ಕಲಿಯುತ್ತಿದ್ದೇನೆ, ಇನ್ನೂ ಸೆಸ್ನಾ 172 ಅನ್ನೋ ತರಬೇತಿ ವಿಮಾನದಲ್ಲೇ ಇದ್ದೇನೆ. ನೀವು ಅಲಾಸ್ಕಾದಲ್ಲಿ ಸಣ್ಣ ವಿಮಾನ ಹಾರಿಸುತ್ತೀರಿ ಅಂತ ಇಲ್ಲೇ ಗ್ರೂಪಿನಲ್ಲಿ ಓದಿದೆ. ಅಂಥ ಕಡೆ ಹೋಗುವಾಗ ವಿಮಾನದಲ್ಲಿ ಏನೇನು ಇಟ್ಟುಕೊಂಡಿರುತ್ತೀರಿ? ಇಂಟರ್‌ನೆಟ್ಟಿನಲ್ಲಿ ಒಬ್ಬೊಬ್ಬರು ಒಂದೊಂದು ಪಟ್ಟಿ ಕೊಡುತ್ತಾರೆ. ನಿಜವಾಗಿ ಬೇಕಾಗೋದು ಯಾವುದು?

ಉತ್ತರ: ತಮ್ಮಾ, ಒಳ್ಳೇ ಪ್ರಶ್ನೆ. ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ನಾನು ಹಾರಿಸೋದು ಬೆಥೆಲ್ ಅನ್ನೋ ಊರಿನಿಂದ. ಆಂಕರೇಜ್‌ನಿಂದ ಪಶ್ಚಿಮಕ್ಕೆ ಸುಮಾರು 640 ಕಿಲೋಮೀಟರ್. ಅಲ್ಲಿಗೆ ರಸ್ತೆ ಇಲ್ಲ. ಸುತ್ತಲಿನ ಹಳ್ಳಿಗಳಿಗೂ ಇಲ್ಲ. ಟಪಾಲು, ಮಗುವಿನ ಡೈಪರ್, ಕೂಲ್‌ಡ್ರಿಂಕ್ಸ್ ಕ್ರೇಟು, ಆಸ್ಪತ್ರೆಗೆ ಹೋಗುವ ಅಜ್ಜಿ, ಎಲ್ಲಾ ನಮ್ಮ ವಿಮಾನದಲ್ಲೇ.

ಅಲಾಸ್ಕಾದಲ್ಲಿ ಇದಕ್ಕೆ ಕಾನೂನೇ ಇದೆ. ಅದರಲ್ಲಿ ಬಹುಕಾಲ ಇದ್ದ ಸಾಮಾನು ಇಷ್ಟು: ಪ್ರತಿಯೊಬ್ಬರಿಗೂ ಒಂದು ವಾರ ಜೀವ ಹಿಡಿದುಕೊಳ್ಳುವಷ್ಟು ಊಟ, ಕೊಡಲಿ, ಫಸ್ಟ್ ಏಡ್ ಕಿಟ್, ಗಾಳ ಮತ್ತು ದಾರ, ಚಾಕು, ಬೆಂಕಿ ಹೊತ್ತಿಸುವ ಸಾಮಾನು, ತಲೆಗೆ ಹಾಕುವ ಸೊಳ್ಳೆ ಪರದೆ, ಸಿಗ್ನಲ್ ಕೊಡೋದಕ್ಕೆ ಹೊಗೆ ಡಬ್ಬಿಯಂಥವು ಎರಡು. ಅಕ್ಟೋಬರ್ 15ರಿಂದ ಏಪ್ರಿಲ್ 1ರವರೆಗೆ ಇದರ ಮೇಲೆ ಹಿಮದಲ್ಲಿ ನಡೆಯುವ ಸ್ನೋಶೂ, ಸ್ಲೀಪಿಂಗ್ ಬ್ಯಾಗ್, ನಾಲ್ಕು ಜನಕ್ಕಿಂತ ಜಾಸ್ತಿ ಇದ್ದರೆ ಉಣ್ಣೆ ಕಂಬಳಿ. ಹಿಂದೆ ಬಂದೂಕೂ ಇತ್ತು, ಆಮೇಲೆ ತೆಗೆದರು. ಕಾನೂನು ಬದಲಾಗುತ್ತಿರುತ್ತದೆ, ಹಾರೋ ಮುಂಚೆ ಹೊಸದನ್ನು ನೋಡಿಕೊಳ್ಳಬೇಕು.

ಆದರೆ ಪಟ್ಟಿ ಓದಿದರೆ ಸಾಲದು, ನೀನು ಹಾರುವ ನೆಲ ಯಾವುದು ಅಂತ ನೋಡಬೇಕು. ಕೊಡಲಿ ಕಾಡಿನ ಕಡೆ ಜೀವ ಉಳಿಸುತ್ತದೆ. ನಮ್ಮದು ನದಿಮುಖದ ಬಯಲು, ಹೊಳೆದಂಡೆಯ ಕುರುಚಲು ಗಿಡ ಬಿಟ್ಟರೆ ಎಷ್ಟೋ ದೂರ ಒಂದು ಮರ ಸಿಗೋದಿಲ್ಲ. ಕೊಡಲಿ ಹಿಡಿದು ಏನು ಕಡಿಯೋದು? ಅದಕ್ಕೇ ನಾನು ಕೊಡಲಿಯ ಜೊತೆ ಹಿಮ ಕೊಯ್ಯುವ ಗರಗಸ, ಸಲಿಕೆ, ಸಣ್ಣ ಸ್ಟೌ ಇಟ್ಟಿರುತ್ತೇನೆ. ಹಿಮವನ್ನು ಇಟ್ಟಿಗೆ ಹಾಗೆ ಕೊಯ್ದು ಗಾಳಿಗೆ ಅಡ್ಡ ಗೋಡೆ ಕಟ್ಟಬಹುದು. ಅಲ್ಲಿ ಚಳಿಗಿಂತ ಗಾಳಿಯೇ ಮೊದಲು ಕೊಲ್ಲೋದು.

ಇನ್ನು ನಾನು ಕಲಿತ ಪಾಠ. ಫೆಬ್ರವರಿ ತಿಂಗಳು, ಒಬ್ಬಳೇ ಇದ್ದೆ. ಮೋಡ ಕವಿದು ಹಿಮ ಯಾವುದು ಆಕಾಶ ಯಾವುದು ಗೊತ್ತಾಗದ ಹಾಗಾಯಿತು, ಹಿಂದಿರುಗುವ ದಾರಿಯೂ ಮುಚ್ಚಿಕೊಂಡಿತು, ಇನ್ನೂ ಕಣ್ಣಿಗೆ ಏನಾದರೂ ಕಾಣುತ್ತಿರುವಾಗಲೇ ಇಳಿದುಬಿಡೋಣ ಅಂತ ಹೆಪ್ಪುಗಟ್ಟಿದ ಒಂದು ಕೆರೆಯ ಮೇಲೆ ಇಳಿಸಿದೆ. ವಿಮಾನಕ್ಕೆ ಏನೂ ಆಗಲಿಲ್ಲ, ನನಗೂ ಆಗಲಿಲ್ಲ. ಆದರೆ ಸರ್ವೈವಲ್ ಬ್ಯಾಗ್ ಹಿಂದೆ, ಟಪಾಲಿನ ಡಬ್ಬಗಳ ಕೆಳಗೆ ಸಿಕ್ಕಿಕೊಂಡಿತ್ತು. ದಪ್ಪ ಗ್ಲೌಸ್ ಹಾಕಿದರೆ ಸಾಮಾನು ಜಾರದ ಹಾಗೆ ಬಿಗಿದ ಬಲೆಯ ಕೊಂಡಿ ಬಿಚ್ಚೋಕೆ ಆಗೋದಿಲ್ಲ, ಗ್ಲೌಸ್ ತೆಗೆದರೆ ಎರಡು ನಿಮಿಷಕ್ಕೆ ಬೆರಳು ಸೆಟೆದುಕೊಳ್ಳುತ್ತದೆ. ಒಂದು ಕೊಂಡಿ ಬಿಚ್ಚೋದು, ಕೈಯನ್ನು ಕಂಕುಳಲ್ಲಿ ಇಟ್ಟುಕೊಳ್ಳೋದು, ಮತ್ತೆ ಇನ್ನೊಂದು. ಬ್ಯಾಗ್ ಕೈಗೆ ಸಿಗೋದಕ್ಕೆ ಮುಕ್ಕಾಲು ಗಂಟೆ ಆಯಿತು. ಆಮೇಲೆ ಬೆಂಕಿಪೆಟ್ಟಿಗೆಯ ಪ್ಲಾಸ್ಟಿಕ್ ಡಬ್ಬಿ. ಅದರ ತಿರುಗಣೆ ಮುಚ್ಚಳ ಬೆರಳಿಗೆ ಸಿಗದೆ ಹಲ್ಲಿನಲ್ಲಿ ಕಚ್ಚಿ ತಿರುಗಿಸಿದೆ. ಲೋಹದ ಡಬ್ಬಿ ಆಗಿದ್ದರೆ ತುಟಿಯೇ ಅಂಟಿಕೊಳ್ಳುತ್ತಿತ್ತು. ಏಟು ಬಿದ್ದು ಕೈ ಮುರಿದಿದ್ದರೆ, ವಿಮಾನ ಹೊತ್ತಿಕೊಂಡಿದ್ದರೆ ಆ ಬ್ಯಾಗಿನಲ್ಲಿ ಎಷ್ಟು ಸಾಮಾನಿದ್ದರೂ ನನಗೆ ಸಿಗುತ್ತಿರಲಿಲ್ಲ.

ಇಲ್ಲಿನ ಪೈಲಟ್‌ಗಳು ಹೇಳೋದು ಇದನ್ನೇ: ಮೈಮೇಲೆ ಇರೋದು ಮಾತ್ರ ಜೀವ ಉಳಿಸುವ ಸಾಮಾನು, ವಿಮಾನದಲ್ಲಿ ಇರೋದೆಲ್ಲ ಕ್ಯಾಂಪಿಂಗ್ ಸಾಮಾನು. ಆವತ್ತಿಂದ ಜೇಬುಗಳಿರುವ ವೆಸ್ಟ್ ಹಾಕದೆ ನಾನು ಎಂಜಿನ್ ಸ್ಟಾರ್ಟ್ ಮಾಡೋದಿಲ್ಲ. ಅದರಲ್ಲಿ ಪಿಎಲ್‌ಬಿ, ಅಂದರೆ ಉಪಗ್ರಹಕ್ಕೆ ತುರ್ತು ಸಿಗ್ನಲ್ ಕಳಿಸುವ ಅಂಗೈಯಗಲದ ಬೀಕನ್. ಜೊತೆಗೆ ಚಾಕು, ಸೀಟಿ, ಸಿಗ್ನಲ್ ಕನ್ನಡಿ, ತಲೆಗೆ ಕಟ್ಟುವ ಟಾರ್ಚ್, ರಕ್ತ ನಿಲ್ಲಿಸುವ ಪಟ್ಟಿ, ಅಲ್ಯೂಮಿನಿಯಂ ಹೊದಿಕೆ, ಬೆಂಕಿ ಹೊತ್ತಿಸೋಕೆ ಎರಡು ಥರದ ಸಾಮಾನು. ಗ್ಯಾಸ್ ಲೈಟರ್ ಚಳಿಗೆ ಹೊತ್ತೋದಿಲ್ಲ, ಒಳಗಿನ ಜೇಬಿನಲ್ಲಿ ಮೈಬಿಸಿಗೆ ಇಡಬೇಕು. ವ್ಯಾಸಲಿನ್ ಮೆತ್ತಿದ ಹತ್ತಿ ಉಂಡೆ ನಾಲ್ಕಾರು ಇದ್ದರೆ ಒದ್ದೆ ಸೌದೆ ಚೂರೂ ಹೊತ್ತಿಕೊಳ್ಳುತ್ತದೆ.

ಪ್ರಶ್ನೆ: ಮೇಡಂ, ವಿಮಾನದಲ್ಲೇ ಇಎಲ್‌ಟಿ, ಅಂದರೆ ತುರ್ತು ಸಿಗ್ನಲ್ ಯಂತ್ರ, ಇರುತ್ತದಲ್ವಾ? ಬಿದ್ದರೆ ತಾನಾಗೇ ಸಿಗ್ನಲ್ ಕೊಡುತ್ತದೆ. ಮತ್ತೆ ಈಗ ಫೋನಿನಲ್ಲೇ ಸ್ಯಾಟಲೈಟ್ ಎಸ್‌ಓಎಸ್ ಬಂದಿದೆ. ಬೇರೆ ಬೀಕನ್ ಯಾಕೆ?

ಉತ್ತರ: ಸರ್, ಇರುತ್ತದೆ. ಆದರೆ ಅದೊಂದನ್ನೇ ನಂಬಬಾರದು. 2010ರ ಆಗಸ್ಟ್‌ನಲ್ಲಿ ಮಾಜಿ ಸೆನೆಟರ್ ಟೆಡ್ ಸ್ಟೀವನ್ಸ್ ಇದ್ದ ಆಟರ್ ವಿಮಾನ ಇದೇ ರಾಜ್ಯದ ಡಿಲ್ಲಿಂಗ್‌ಹ್ಯಾಮ್ ಹತ್ತಿರ ಗುಡ್ಡಕ್ಕೆ ಬಡಿಯಿತು. ಏಟಿಗೆ ಇಎಲ್‌ಟಿ ಕೂತಿದ್ದ ಜಾಗದಿಂದ ಕಳಚಿ ಆಂಟೆನಾದಿಂದ ಬೇರೆಯಾಯಿತು. ಸಿಗ್ನಲ್ ಯಾರಿಗೂ ತಲುಪಲೇ ಇಲ್ಲ. 5 ಜನ ಹೋದರು, ಬದುಕುಳಿದ 4 ಜನ ಗಾಯ ಹೊತ್ತುಕೊಂಡು ಮಳೆಯಲ್ಲಿ ರಾತ್ರಿ ಕಳೆದರು.

ಇನ್ನೂ ಹಿಂದಿನದು 1972ರ ಅಕ್ಟೋಬರ್ 16ರದು. ಸಂಸದರಾದ ಹೇಲ್ ಬಾಗ್ಸ್ ಮತ್ತು ನಿಕ್ ಬೆಗಿಚ್ ಇದ್ದ ಸೆಸ್ನಾ 310 ಆಂಕರೇಜ್‌ನಿಂದ ಜೂನೋಗೆ ಹೊರಟು ಕಾಣೆಯಾಯಿತು. 39 ದಿನ ಹುಡುಕಿದರು, ಒಂದು ಚೂರೂ ಸಿಗಲಿಲ್ಲ. ಪೈಲಟ್ ಬಳಿ ಕೈಯಲ್ಲಿ ಒಯ್ಯುವ ಇಎಲ್‌ಟಿ ಇತ್ತು. ಅದು ಆಮೇಲೆ ಸಿಕ್ಕಿದ್ದು ಫೇರ್‌ಬ್ಯಾಂಕ್ಸ್‌ನಲ್ಲಿ ನಿಂತಿದ್ದ ಬೇರೊಂದು ವಿಮಾನದಲ್ಲಿ. ಇದನ್ನು ನೆನೆದರೆ ಈಗಲೂ ಹೊಟ್ಟೆ ತೊಳಸುತ್ತದೆ.

ಹಳೇ ಇಎಲ್‌ಟಿ 121.5 ಮೆಗಾಹರ್ಟ್ಸ್‌ನಲ್ಲಿ ಮಾತ್ರ ಕೂಗುತ್ತದೆ. ಉಪಗ್ರಹಗಳು ಅದನ್ನು ಕೇಳೋದನ್ನು 2009ರ ಫೆಬ್ರವರಿ 1ಕ್ಕೇ ನಿಲ್ಲಿಸಿವೆ. 406 ಮೆಗಾಹರ್ಟ್ಸ್‌ನದು ಇರಲೇಬೇಕು, ಅದನ್ನು ನಿಮ್ಮ ಹೆಸರಿಗೆ ನೋಂದಾಯಿಸಿರಬೇಕು, ಬ್ಯಾಟರಿಯ ತಾರೀಕು ನೋಡಿಕೊಂಡಿರಬೇಕು.

ಫೋನ್ ಬಗ್ಗೆ: ಸುಮಾರು 62 ಡಿಗ್ರಿ ಅಕ್ಷಾಂಶಕ್ಕಿಂತ ಉತ್ತರಕ್ಕೆ ತಮ್ಮ ಸ್ಯಾಟಲೈಟ್ ಸೇವೆ ಸಿಗದೇ ಇರಬಹುದು ಅಂತ ಆಪಲ್‌ನವರೇ ಹೇಳುತ್ತಾರೆ. ಅಲಾಸ್ಕಾದ ಎಷ್ಟೋ ಭಾಗ ಅದರ ಆಚೆಗೇ ಇದೆ. ಮೇಲಾಗಿ ಚಳಿಗೆ ಫೋನಿನ ಬ್ಯಾಟರಿ ನೋಡನೋಡುತ್ತಾ ಸಾಯುತ್ತದೆ. ನಾನು ಎರಡೂ ಕಡೆಯಿಂದ ಮೆಸೇಜ್ ಹೋಗಿಬರುವ ಗಾರ್ಮಿನ್ ಇನ್‌ರೀಚ್ ಕೂಡ ಇಟ್ಟಿರುತ್ತೇನೆ. "ಚೆನ್ನಾಗಿದ್ದೇನೆ, ಕೆರೆ ಮೇಲೆ ಇದ್ದೇನೆ" ಅಂತ ತಿಳಿಸಬಹುದಲ್ಲ, ಬೀಕನ್‌ನಲ್ಲಿ ಅದು ಆಗೋದಿಲ್ಲ. ಒಂದು ಮಾತು: ಇದನ್ನು ಓದಿ ಯಾರೂ ಅದನ್ನು ಊರಿಗೆ ತರಬೇಡಿ. ಭಾರತದಲ್ಲಿ ಅನುಮತಿ ಇಲ್ಲದೆ ಇಂಥ ಸ್ಯಾಟಲೈಟ್ ಸಾಧನ ಇಟ್ಟುಕೊಳ್ಳುವಂತಿಲ್ಲ. ವಿಮಾನ ನಿಲ್ದಾಣದಲ್ಲೇ ಹಿಡಿಯುತ್ತಾರೆ.

ದುಡ್ಡೇ ಬೇಡದ ಸಾಮಾನು ಅಂದರೆ ಫ್ಲೈಟ್ ಪ್ಲಾನ್: ಯಾವ ದಾರಿ, ಎಷ್ಟು ಹೊತ್ತಿಗೆ ತಲುಪುತ್ತೇನೆ ಅಂತ ಮೊದಲೇ ತಿಳಿಸಿಡೋದು. ಹೇಳಿದ ಹೊತ್ತಿಗಿಂತ 30 ನಿಮಿಷ ತಡವಾದರೂ ನೀವು ತಲುಪಿದೆ ಅಂತ ಹೇಳಿ ಅದನ್ನು ಮುಗಿಸದಿದ್ದರೆ ವಿಚಾರಿಸೋಕೆ ಶುರು ಮಾಡುತ್ತಾರೆ.

ಪ್ರಶ್ನೆ: ಕರಡಿ ಕಾಟ ಇರುತ್ತಾ? ಊಟಕ್ಕೆ ಏನು ಇಟ್ಟುಕೊಳ್ಳುತ್ತೀರಿ?

ಉತ್ತರ: ಕರಡಿ ಸ್ಪ್ರೇ ಇಡುತ್ತೇವೆ, ಆದರೆ ಕಾಕ್‌ಪಿಟ್‌ನಲ್ಲಿ ಅಲ್ಲವೇ ಅಲ್ಲ. ಅದು ಖಾರದಪುಡಿ ಹೊಗೆಯಂಥದ್ದು. ಹಾರುವಾಗ ಸೋರಿದರೆ ಪೈಲಟ್‌ಗೆ ಕಣ್ಣು ಬಿಡೋಕಾಗೋದಿಲ್ಲ. ಗಾಳಿ ಹೋಗದ ಗಟ್ಟಿ ಕೊಳವೆಯಲ್ಲಿ ಹಾಕಿಡಬೇಕು, ಇಲ್ಲವೇ ನೀರಿನ ಮೇಲೆ ಇಳಿಯುವ ವಿಮಾನವಾದರೆ ಫ್ಲೋಟ್‌ನೊಳಗಿನ ಖಾನೆಯಲ್ಲಿಡಬೇಕು. ಮೀನು, ಮಾಂಸದ ವಾಸನೆ ವಿಮಾನದಲ್ಲಿ ಉಳಿಯದ ಹಾಗೆ ನೋಡಿಕೊಳ್ಳಬೇಕು. 2009ರಲ್ಲಿ ಒಬ್ಬರ ಪೈಪರ್ ಕಬ್ ವಿಮಾನದ ಬಟ್ಟೆಯನ್ನೆಲ್ಲ ಕರಡಿ ಹರಿದುಹಾಕಿತ್ತು. ಅವರು ಡಕ್ಟ್ ಟೇಪ್, ಪ್ಲಾಸ್ಟಿಕ್ ಹಾಳೆ, ಹೊಸ ಟೈರ್ ತರಿಸಿ ಸುತ್ತಿ ಸುತ್ತಿ ಅಂಟಿಸಿ ಹಾರಿಸಿಕೊಂಡು ಬಂದರು. ನನ್ನ ಹತ್ತಿರವೂ ಟೇಪು, ತಂತಿ, ಒಂದೆರಡು ಸ್ಪಾರ್ಕ್ ಪ್ಲಗ್ ಯಾವಾಗಲೂ ಇರುತ್ತವೆ.

ಊಟಕ್ಕೆ ಹುರಿಹಿಟ್ಟು. ಅಮ್ಮ ಮಾಡಿ ಕಳಿಸುತ್ತಾರೆ. ಬೇಯಿಸೋದು ಬೇಡ, ಬಿಸಿನೀರು ಬೆಲ್ಲ ಹಾಕಿ ಕಲಸಿದರೆ ಹೊಟ್ಟೆ ಗಟ್ಟಿಯಾಗಿರುತ್ತದೆ. ಕಡ್ಲೆ ಮಿಠಾಯಿ ಜೇಬಲ್ಲಿರುತ್ತದೆ, ಹೊರಗಿಟ್ಟರೆ ಚಳಿಗೆ ಕಲ್ಲಾಗುತ್ತದೆ. ನೀರಿನ ಬಾಟಲಿ ಸ್ಲೀಪಿಂಗ್ ಬ್ಯಾಗ್ ಒಳಗೆ. ಬಾಯಾರಿತು ಅಂತ ಹಿಮ ತಿನ್ನಬಾರದು, ಮೈಬಿಸಿ ಇಳಿಯುತ್ತದೆ.

ವಿಮಾನಕ್ಕೂ ಬೇಕಲ್ವಾ? ಎಂಜಿನ್ ನಿಂತ ಕೂಡಲೇ ಅದಕ್ಕೆ ಕಂಬಳಿ ಹೊದಿಸಬೇಕು, ರೆಕ್ಕೆಗೂ ಹೊದಿಕೆ ಹಾಕಬೇಕು. ರೆಕ್ಕೆ ಮೇಲೆ ಇಬ್ಬನಿ ಗಟ್ಟಿಯಾಗಿದ್ದರೆ ತೆಳ್ಳಗೆ ಕಂಡರೂ ಹಾಗೇ ಹಾರಬಾರದು. ಉದ್ದ ಹಗ್ಗವನ್ನು ರೆಕ್ಕೆ ಮೇಲೆ ಹಾಕಿ, ಆ ಕಡೆ ಒಬ್ಬರು ಈ ಕಡೆ ಒಬ್ಬರು ಗರಗಸದ ಹಾಗೆ ಎಳೆದರೆ ಪುಡಿಯಾಗಿ ಉದುರುತ್ತದೆ. ಅದೇ ಹಗ್ಗ ರಾತ್ರಿ ವಿಮಾನ ಕಟ್ಟೋದಕ್ಕೂ ಆಗುತ್ತದೆ.

ಪ್ರಶ್ನೆ: ಅಕ್ಕಾ, ನಾನು ಜಕ್ಕೂರಿನಲ್ಲಿ ಇದ್ದುಕೊಂಡು ಈಗಲೇ ಏನಾದರೂ ಅಭ್ಯಾಸ ಮಾಡಬಹುದಾ?

ಉತ್ತರ: ಮಾಡಬಹುದು. ಒಂದು ಬ್ಯಾಗ್ ಕಟ್ಟಿಡು. ರಾತ್ರಿ ಲೈಟ್ ಆರಿಸು. ಐಸ್ ಹಾಕಿದ ಬಕೆಟ್ಟಿನಲ್ಲಿ ಎರಡೂ ಕೈ ಒಂದೆರಡು ನಿಮಿಷ ಅದ್ದು, ತೆಗೆದು ಒರೆಸಿಕೋ. ಆಮೇಲೆ ಎಡಗೈ ಒಂದರಲ್ಲೇ ಬ್ಯಾಗಿನ ಜಿಪ್ ಎಳೆದು, ಟಾರ್ಚ್ ಹುಡುಕಿ, ಕಡ್ಡಿ ಗೀರು. ಮನೆಯವರು ಪಕ್ಕದಲ್ಲಿರಲಿ. ಯಾವ ಜಿಪ್ ಸಿಗಲಿಲ್ಲ, ಯಾವ ಮುಚ್ಚಳ ತಿರುಗಲಿಲ್ಲ ಅಂತ ಬರೆದಿಟ್ಟುಕೊಂಡು ಇಲ್ಲಿ ಹಾಕು, ಒಂದೊಂದಾಗಿ ನೋಡೋಣ.