ಅಪ್‌ಡೇಟ್: ಬ್ರಿಟನ್‌ನಿಂದಲೇ ಕಲಬುರಗಿ ಲೈಬ್ರರಿಯ ಇಂಟರ್ನ್‌ಶಿಪ್ ಶುರುವಾಯ್ತು

ನಾನು ಕೇಳಿದ್ದು ಇಷ್ಟು: ಬ್ರಿಟನ್‌ನಲ್ಲಿ ಸ್ಟೂಡೆಂಟ್ ವೀಸಾದ ಮೇಲೆ ಓದುತ್ತಾ, ಸಂಜೆ ಅಂಗಡಿಯಲ್ಲಿ ದುಡಿಯುತ್ತಾ, ಕಲಬುರಗಿಯ ಕಾಲೇಜು ಲೈಬ್ರರಿಗೆ ಆನ್‌ಲೈನ್ ಇಂಟರ್ನ್‌ಶಿಪ್ ಮಾಡಬಹುದಾ ಅಂತ.

"ಮೊದಲು ಯೂನಿವರ್ಸಿಟಿಯ ವೀಸಾ ವಿಭಾಗದವರನ್ನು ಕೇಳಮ್ಮ" ಎಂದು ಉತ್ತರ ಕೊಟ್ಟ ಅಕ್ಕನ ಮಾತೇ ಕೆಲಸಕ್ಕೆ ಬಂತು. ತುಂಬಾ ಥ್ಯಾಂಕ್ಸ್ ಅಕ್ಕಾ! "ಸಂಬಳ ಇಲ್ಲದಿದ್ದರೆ ಲೆಕ್ಕಕ್ಕಿಲ್ಲ" ಅನ್ನೋ ಸಲಹೆ ಮಾತ್ರ ನಿಲ್ಲಲಿಲ್ಲ. ತರಗತಿ ನಡೆಯುವಾಗ ನನ್ನ ವೀಸಾದಲ್ಲಿ ಕೆಲಸಕ್ಕೆ ವಾರಕ್ಕೆ 20 ಗಂಟೆ ಮಿತಿ. ಸಂಬಳವಿಲ್ಲದ ಕೆಲಸವೂ, ಇಲ್ಲೇ ಕೂತು ಊರಿನ ಸಂಸ್ಥೆಗೆ ಮಾಡುವ ಕೆಲಸವೂ ಅದರೊಳಗೇ ಬರುತ್ತೆ. ಕೋರ್ಸಿನದೇ ಭಾಗವಾದ, ಅಂಕ ಸಿಗುವ ಪ್ಲೇಸ್‌ಮೆಂಟ್ (ಕೆಲಸದ ತರಬೇತಿ) ಆದರೆ ಲೆಕ್ಕ ಬೇರೆ. ನನ್ನದು ಅದಲ್ಲ. ಹಾಗಾಗಿ ಅಂಗಡಿಯ ಶಿಫ್ಟ್ ಕಡಿಮೆ ಮಾಡಿಸಿಕೊಂಡೆ.

ಕೆಲಸ ಕೋಹಾ ಅನ್ನೋ, ಲೈಬ್ರರಿಯ ಪುಸ್ತಕಗಳ ಪಟ್ಟಿ ಇಡುವ ಸಾಫ್ಟ್‌ವೇರ್‌ನಲ್ಲಿ, ಬ್ರೌಸರ್ ಒಂದಿದ್ದರೆ ಸಾಕು. ಲೈಬ್ರರಿ ಸರ್ ಪುಸ್ತಕದ ಮೊದಲ ಪುಟಗಳ ಫೋಟೋ ಕಳಿಸುತ್ತಾರೆ, ನಾನು ಪುಸ್ತಕದ ವಿವರಗಳನ್ನು ಕನ್ನಡ ಲಿಪಿಯಲ್ಲೇ ದಾಖಲಿಸುತ್ತೇನೆ. ಪುಸ್ತಕಗಳನ್ನು ವಿಷಯವಾರು ವಿಂಗಡಿಸುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814 ಈಗ ಬಾಯಿಪಾಠ. ಆಶ್ಚರ್ಯ ಏನಂದ್ರೆ, ಜಾಸ್ತಿ ಹೊತ್ತು ಹಿಡಿಯೋದು ಲೇಖಕರ ಹೆಸರುಗಳು. ಒಂದು ಪುಸ್ತಕದಲ್ಲಿ ಕುಲಕರ್ಣಿ, ಇನ್ನೊಂದರಲ್ಲಿ ಕುಲ್ಕರ್ಣಿ. ಒಂದೇ ರೂಪಕ್ಕೆ ತರದಿದ್ದರೆ ಹುಡುಕುವವರಿಗೆ ಅರ್ಧ ಪುಸ್ತಕ ಸಿಗೋದೇ ಇಲ್ಲ, ಅಲ್ವಾ?

ಊರಿನ ಸಮಯ ಬೇಸಿಗೆಯಲ್ಲಿ ನಾಲ್ಕೂವರೆ, ಚಳಿಗಾಲದಲ್ಲಿ ಐದೂವರೆ ಗಂಟೆ ಮುಂದಿರುತ್ತೆ. ಸರ್ ಜೊತೆ ಮಾತಾಡೋಕೆ ಇಲ್ಲಿನ ಬೆಳಗೇ ಅನುಕೂಲ.