ಅಪ್‌ಡೇಟ್: ಸಿಕಲ್ ಸೆಲ್ ಔಷಧ, ಕಕ್ಕಡದ ಮಳೆ ಮತ್ತು ನನ್ನ ತೋಟದ ಕೆಲಸ

ಸಿಕಲ್ ಸೆಲ್ ರಕ್ತಹೀನತೆಗೆ ವೈದ್ಯರು ಹೈಡ್ರಾಕ್ಸಿಯೂರಿಯಾ ಬರೆದಿದ್ದಾರೆ, ಅದು ಕ್ಯಾನ್ಸರ್‌ಗೂ ಕೊಡುವ ಔಷಧವಂತೆ, ತೆಗೆದುಕೊಳ್ಳಲೇ? ಗೋಣಿಕೊಪ್ಪದ ಹತ್ತಿರದ ಕಾಫಿ ತೋಟದ ಕೆಲಸ ಬಿಡಬೇಕೇ? ಕಳೆದ ವರ್ಷ ಹೀಗೆ ಕೇಳಿದ್ದೆ. ಧೈರ್ಯ ಹೇಳಿದ ಎಲ್ಲರಿಗೂ ಕೈಮುಗಿಯುತ್ತೇನೆ.

ಔಷಧ ಶುರು ಮಾಡಿದೆ. ಮಗು ಗರ್ಭದಲ್ಲಿದ್ದಾಗ ಇರುವ ಬಗೆಯ ಹಿಮೋಗ್ಲೋಬಿನ್ ಅನ್ನು ಇದು ಹೆಚ್ಚಿಸುತ್ತದೆ, ಆಗ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವುದು ಕಡಿಮೆಯಾಗುತ್ತದೆ ಎಂದು ವೈದ್ಯರು ವಿವರಿಸಿದರು. ಬಿಳಿ ರಕ್ತಕಣಗಳು ಇಳಿಯಬಹುದಾದ್ದರಿಂದ ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತೇನೆ. ಫಲ ಕಾಣಲು ತಿಂಗಳುಗಳೇ ಹಿಡಿದವು. ಕೊಯ್ಲಿನ ಹೊತ್ತಿಗೆ ನೋವು ಬರುವುದು ಅಪರೂಪವಾಯಿತು. ಹೊಸ ಭತ್ತದ ಹಬ್ಬವಾದ ಪುತ್ತರಿಯ ರಾತ್ರಿ ಎಲ್ಲರ ಜೊತೆ ಗದ್ದೆಯವರೆಗೆ ನಡೆದೆ. ಆ ಸಂತೋಷವನ್ನು ಹೇಗೆ ಹೇಳಲಿ!

ಕಕ್ಕಡದ, ಅಂದರೆ ಜುಲೈ-ಆಗಸ್ಟ್‌ನ ನಮ್ಮ ಕೊಡಗಿನ ತಿಂಗಳ, ಮಳೆಯೇ ನಿಜವಾದ ಪರೀಕ್ಷೆ. ಮೈ ತಣ್ಣಗಾದರೆ ಮೂಳೆಯೊಳಗಿನಿಂದ ನೋವು ಏಳುತ್ತದೆ. ಕೆಲಸ ಬಿಡಲಿಲ್ಲ, ಮೇಸ್ತ್ರಿ ಶೆಡ್ಡಿನೊಳಗೆ ಸಸಿ ಚೀಲಗಳಿಗೆ ಮಣ್ಣು ತುಂಬಲು ಹಾಕಿದರು, ಅವರ ಹೊಟ್ಟೆ ತಣ್ಣಗಿರಲಿ. ಅಮ್ಮ ಒಲೆಯ ಮೇಲೆ ಒಣಗಿಸಿದ, ಹೊಗೆ ವಾಸನೆಯ ಕಾಲುಚೀಲ ಒಂದು ಜೊತೆ ಹೆಚ್ಚಿಗೆ ಕೊಟ್ಟು ಕಳಿಸುತ್ತಾರೆ. ಮಳೆಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಆದರೆ ನೀರು ಕಡಿಮೆಯಾದರೂ ನೋವು ಕೆರಳುತ್ತದೆ. ಆದ್ದರಿಂದ ಫ್ಲಾಸ್ಕ್‌ನ ಬಿಸಿನೀರು ಸಂಜೆಯೊಳಗೆ ಖಾಲಿಯಾಗಲೇಬೇಕು. ಜ್ವರ ಬಂದರೆ ಮನೆಮದ್ದಿಗೆ ಕಾಯದೆ ನೇರ ಆಸ್ಪತ್ರೆಗೆ ಹೋಗುತ್ತೇನೆ.

ತಂಗಿಗೂ ಪರೀಕ್ಷೆ ಮಾಡಿಸಿದೆವು. ಅವಳಿಗೆ ಕಾಯಿಲೆಯಿಲ್ಲ, ವಾಹಕಿ ಮಾತ್ರ, ಅಂದರೆ ಅದರ ಜೀನ್ ಮಕ್ಕಳಿಗೆ ದಾಟಬಹುದು. ಗಂಡನೂ ವಾಹಕನಾದರೆ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ಶೇಕಡಾ 25. ಮದುವೆ ಮಾತುಕತೆಯಲ್ಲಿ ಮೊದಲು ರಕ್ತ ಪರೀಕ್ಷೆ, ಆಮೇಲೆ ಜಾತಕ ಎಂದು ಅವಳೇ ಹೇಳಿದ್ದಾಳೆ.