ಮ್ಯೂನಿಕ್‌ನಲ್ಲಿ ಜಿಮ್, ಯೋಗ: ಎಲ್ಲಿ ಸೇರುವುದು, ಎಲ್ಲಿ ಸಹಿ ಹಾಕಬಾರದು?

ಪ್ರಶ್ನೆ, ಲೈಮ್‌ನಿಂದ (ಬರೆದವರ ಹೆಸರಿನ ಬದಲು ಅವರಿರುವ ಜಾಗದ ಹೆಸರು, ಎಲ್ಲವೂ ಮ್ಯೂನಿಕ್ ಮತ್ತು ಸುತ್ತಮುತ್ತ):
ಎಲ್ಲರಿಗೂ ನಮಸ್ಕಾರ. ಕೆಲಸಕ್ಕೆಂದು ಮ್ಯೂನಿಕ್‌ಗೆ ಹೊಸದಾಗಿ ಬಂದಿದ್ದೇವೆ. ಹುಬ್ಬಳ್ಳಿಯಲ್ಲಿ ತಿಂಗಳ ದುಡ್ಡು ಕೊಟ್ಟು ಜಿಮ್‌ಗೆ ಹೋಗುತ್ತಿದ್ದೆ, ಬೇಡ ಅನಿಸಿದ ತಿಂಗಳು ಬಿಡುತ್ತಿದ್ದೆ, ಯಾರೂ ಕೇಳುತ್ತಿರಲಿಲ್ಲ. ಇಲ್ಲಿ ಮನೆ ಹತ್ತಿರದ ಜಿಮ್‌ನವರು 24 ತಿಂಗಳ ಕಾಂಟ್ರಾಕ್ಟ್ ಮುಂದಿಟ್ಟು ಇವತ್ತೇ ಸಹಿ ಮಾಡಿದರೆ ಆಫರ್ ಅಂತಿದ್ದಾರೆ. ಹೆಂಡತಿ ಮೈಸೂರಿನವಳು, ಅವಳಿಗೆ ಯೋಗ ಕ್ಲಾಸ್ ಬೇಕು. ಇಬ್ಬರ ಜರ್ಮನ್ನೂ ಅಷ್ಟಕ್ಕಷ್ಟೆ. ಏನು ಮಾಡೋಣ?

ಗೀಸಿಂಗ್‌ನಿಂದ:
ಮೊದಲು ಪೆನ್ನು ಕೆಳಗಿಡಿ ಸರ್.

ಇಲ್ಲಿ ಜಿಮ್ ಅಂದರೆ ಮೊದಲು ಕಾನೂನು, ಆಮೇಲೆ ಡಂಬೆಲ್. ಆನ್‌ಲೈನ್‌ನಲ್ಲಿ ಸೇರಿದರೆ 14 ದಿನದೊಳಗೆ ಕಾರಣ ಹೇಳದೆ ಕಾಂಟ್ರಾಕ್ಟ್ ವಾಪಸ್ ಪಡೆಯಬಹುದು. ಅದೇ ಕಾಂಟ್ರಾಕ್ಟಿಗೆ ಜಿಮ್ ಒಳಗೇ ಕೂತು ಸಹಿ ಹಾಕಿದರೆ ಆ ಹಕ್ಕು ಇಲ್ಲ. ಅವರಾಗಿಯೇ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಕೌಂಟರ್‌ನಲ್ಲಿ ಅಷ್ಟು ಅವಸರ ಮಾಡೋದು ಯಾಕೆ ಅಂತ ಈಗ ಗೊತ್ತಾಯಿತಲ್ಲ. ಪ್ರೋಬೆಟ್ರೈನಿಂಗ್ (ಟ್ರಯಲ್) ಅಂತ ಕೇಳಿ, ಒಂದು ಸಲ ಪುಕ್ಕಟೆ ಬಿಡುವವರು ಬೇಕಾದಷ್ಟು ಇದ್ದಾರೆ. ನೀವು ನಿಜವಾಗಿ ಹೋಗುವ ಹೊತ್ತಿಗೇ ಹೋಗಿ ನೋಡಿ. ಬೆಳಗ್ಗೆ 11ಕ್ಕೆ ಖಾಲಿ ಇರುವ ಜಿಮ್ ಸಂಜೆ 6ಕ್ಕೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್.

ಇನ್ನೊಂದು. 2022ರ ಮಾರ್ಚ್ 1ರ ನಂತರದ ಕಾಂಟ್ರಾಕ್ಟ್‌ಗಳು ಮೊದಲ ಅವಧಿ ಮುಗಿದ ಮೇಲೆ ತಾವಾಗಿಯೇ ಮತ್ತೊಂದು ವರ್ಷ ಮುಂದುವರಿಯುವ ಹಾಗಿಲ್ಲ. ಆಮೇಲೆ ಒಂದು ತಿಂಗಳ ನೋಟಿಸ್ ಕೊಟ್ಟು ಯಾವಾಗ ಬೇಕಾದರೂ ಬಿಡಬಹುದು. ಆನ್‌ಲೈನ್‌ನಲ್ಲಿ ಸದಸ್ಯರನ್ನು ಸೇರಿಸಿಕೊಳ್ಳುವವರು ಅದೇ ವರ್ಷದ ಜುಲೈನಿಂದ ವೆಬ್‌ಸೈಟ್‌ನಲ್ಲೇ ರದ್ದು ಮಾಡುವ ಬಟನ್ನೂ ಇಡಬೇಕು. ಆದರೆ ಆ ಮೊದಲ 24 ತಿಂಗಳು ಮಾತ್ರ ಪೂರ್ತಿ ನಿಮ್ಮ ತಲೆ ಮೇಲೇ. ಕೆಲಸ ಬದಲಾಗಿ ಸ್ಟುಟ್‌ಗಾರ್ಟ್‌ಗೆ ಹೋಗ್ತೀನಿ ಅಂದರೂ ಸಾಮಾನ್ಯವಾಗಿ ಬಿಡೋದಿಲ್ಲ, ಊರು ಬದಲಿಸಿದ್ದು ನಿಮ್ಮ ಕಡೆಯ ವಿಷಯ ಅಂತ ಇಲ್ಲಿನ ಉನ್ನತ ನ್ಯಾಯಾಲಯವೇ 2016ರಲ್ಲಿ ತೀರ್ಪು ಕೊಟ್ಟಿದೆ. ಕಾಯಿಲೆ ಬಿದ್ದು ವ್ಯಾಯಾಮ ಮಾಡೋಕೇ ಆಗದ ಸ್ಥಿತಿ ಬಂದರೆ ಡಾಕ್ಟರ ಪತ್ರ ಕೊಟ್ಟು ಹೊರಬರಬಹುದು. ಹೊಸದಾಗಿ ಬಂದವರ ಮನೆ, ಕೆಲಸ, ವೀಸಾ ಎಲ್ಲ ಅಲ್ಲಾಡುತ್ತಾ ಇರುತ್ತದೆ, ಅದರಲ್ಲಿ 24 ತಿಂಗಳ ಮಾತು ಯಾಕೆ? ತಿಂಗಳಿಗೆ ನಾಲ್ಕೈದು ಯೂರೋ ಜಾಸ್ತಿ ಆದರೂ ತಿಂಗಳು ತಿಂಗಳು ಬಿಡಬಹುದಾದ್ದನ್ನೇ ತಗೊಳ್ಳಿ.

ಫೀಸಿನ ಪಕ್ಕದ ಸಣ್ಣ ಅಕ್ಷರವನ್ನೂ ಓದಿ. ಸೇರುವ ಫೀಸು, ಕಾರ್ಡಿನ ಫೀಸು, ಆರು ತಿಂಗಳಿಗೊಮ್ಮೆ ಸರ್ವಿಸ್ ಹೆಸರಲ್ಲಿ ಇನ್ನೊಂದು. ಮ್ಯಾಕ್‌ಫಿಟ್, ಫಿಟ್‌ಎಕ್ಸ್ ತರಹದ ದೊಡ್ಡ ಸರಪಳಿಗಳೂ ಇವೆ, ಗಲ್ಲಿ ಜಿಮ್‌ಗಳೂ ಇವೆ. ಎಲ್ಲಿ ಸೇರಿದರೂ ಇಡೀ ವರ್ಷದ ಲೆಕ್ಕ ಹಾಕಿ ನೋಡಿ.

ಗಾರ್ಶಿಂಗ್‌ನಿಂದ:
ಇದು ಸ್ಟೂಡೆಂಟ್‌ಗಳಿಗೆ ಮಾತ್ರ. ಜಿಮ್ ಹುಡುಕೋದೇ ಬೇಡ. ಒಲಿಂಪಿಯಾಪಾರ್ಕ್‌ನಲ್ಲಿ ಯೂನಿವರ್ಸಿಟಿಗಳ ಕ್ರೀಡಾ ಕೇಂದ್ರ ಝಡ್‌ಎಚ್‌ಎಸ್ ಇದೆ, ಸೆಮಿಸ್ಟರ್ ಲೆಕ್ಕದಲ್ಲಿ ಟಿಕೆಟ್, ಹೊರಗಿನ ಜಿಮ್ ಪಕ್ಕ ಇಟ್ಟರೆ ಪುಕ್ಕಟೆ ಇದ್ದ ಹಾಗೆ. ಯೋಗದಿಂದ ಹತ್ತುವ ಗೋಡೆ ತನಕ ಎಲ್ಲ ಉಂಟು. ಜನಪ್ರಿಯ ಕೋರ್ಸ್‌ಗಳ ಬುಕಿಂಗ್ ಮಾತ್ರ ನಮ್ಮ ತತ್ಕಾಲ್ ಟಿಕೆಟ್ ತರಹ, ತೆರೆದ ಕೂಡಲೇ ಕೂತಿರಬೇಕು.

ಪಾಸಿಂಗ್‌ನಿಂದ:
ಯೋಗದ ಬಗ್ಗೆ ನಾನು ಹೇಳ್ತೀನಿ. ಜಿಮ್ ನನಗೆ ಆಗೋದಿಲ್ಲ, ಆ ಮ್ಯೂಸಿಕ್ಕೇ ಸಾಕು.

ಎಲ್ಲಕ್ಕಿಂತ ಮೊದಲು ನಿಮ್ಮ ಕ್ರಾಂಕನ್‌ಕಾಸೆಯ ಆ್ಯಪ್ ತೆಗೆಯಿರಿ, ಅಂದರೆ ಸರ್ಕಾರಿ ಪದ್ಧತಿಯ ಆರೋಗ್ಯ ವಿಮೆಯವರದು. ಅವರು ಜಿಮ್‌ನ ತಿಂಗಳ ಫೀಸು ಕೊಡೋದಿಲ್ಲ, ಆದರೆ ಮಾನ್ಯತೆ ಇರುವ ಯೋಗ ಕೋರ್ಸ್‌ಗೆ ದುಡ್ಡಿನ ದೊಡ್ಡ ಪಾಲು ವಾಪಸ್ ಕೊಡ್ತಾರೆ, ಸಾಮಾನ್ಯವಾಗಿ ವರ್ಷಕ್ಕೆ 2 ಕೋರ್ಸ್. ಎಷ್ಟು ಅನ್ನೋದು ಕಾಸೆಯಿಂದ ಕಾಸೆಗೆ ಬೇರೆ. ಮೊದಲು ನೀವೇ ಕಟ್ಟಬೇಕು, ಹೆಚ್ಚುಕಮ್ಮಿ ಎಲ್ಲ ಕ್ಲಾಸಿಗೂ ಹೋಗಬೇಕು (80 ಪರ್ಸೆಂಟ್ ಹಾಜರಿ ಕೇಳ್ತಾರೆ), ಕೊನೆಗೆ ಸರ್ಟಿಫಿಕೇಟ್ ಫೋಟೋ ಹೊಡೆದು ಕಳಿಸಿದರೆ ಖಾತೆಗೆ ಬರುತ್ತದೆ. ಹೆಂಡತಿ ನಿಮ್ಮ ವಿಮೆಯಲ್ಲೇ ಫ್ಯಾಮಿಲಿ ಅಂತ ಸೇರಿದ್ದರೆ ಅವರಿಗೂ ಈ ಹಕ್ಕು ಇದೆ. ಇದು ಗೊತ್ತಿಲ್ಲದೆ ವರ್ಷಗಟ್ಟಲೆ ಕೈಯಿಂದ ಕಟ್ಟಿದ ನಮ್ಮವರು ಎಷ್ಟು ಜನ!

ಎರಡನೆಯದು ಫೋಕ್ಸ್‌ಹೋಖ್‌ಶೂಲೆ (ವಿಎಚ್‌ಎಸ್), ಅಂದರೆ ದೊಡ್ಡವರಿಗೆ ಕೋರ್ಸ್ ನಡೆಸುವ ಶಾಲೆ. ಜರ್ಮನ್ ಕಲಿಯೋಕೆ ಅಲ್ಲಿಗೇ ಹೋಗ್ತಿರ್ತೀರಿ ಅಲ್ವಾ, ಅಲ್ಲೇ ಯೋಗವೂ ಇದೆ. ಭಾಷೆಗೆ ಹೆದರಬೇಡಿ, ಪಕ್ಕದವರನ್ನು ನೋಡಿ ಮಾಡಿದರಾಯಿತು. ಎಡ, ಬಲ, ಉಸಿರು ತಗೊಳ್ಳಿ, ಬಿಡಿ, ಇಷ್ಟು ಪದ ಎರಡನೇ ವಾರಕ್ಕೆ ತಾನಾಗಿ ಬರುತ್ತದೆ. ನನಗಂತೂ ಜರ್ಮನ್ ಕ್ಲಾಸಿಗಿಂತ ಅಲ್ಲೇ ಕಿವಿ ಪಳಗಿತು.

ಪ್ರೈವೇಟ್ ಸ್ಟುಡಿಯೋ ದುಬಾರಿ, ಒಂದು ಕ್ಲಾಸಿಗೆ ಸುಮಾರು 20 ಯೂರೋ ಹಿಡಿದುಕೊಳ್ಳಿ. ಹತ್ತು ಕ್ಲಾಸಿನ ಕಾರ್ಡ್ ತಗೊಂಡರೆ ಕಡಿಮೆ ಬೀಳುತ್ತದೆ, ಆದರೆ ಅದಕ್ಕೂ ಕೊನೇ ದಿನಾಂಕ ಇರುತ್ತದೆ. ಊರಿಗೆ ಹೋಗುವ ಮುಂಚೆ ತಗೊಳ್ಳಬೇಡಿ. ಸಮಯಕ್ಕೆ ಸರಿಯಾಗಿ ಬಾಗಿಲು ಹಾಕ್ತಾರೆ, ಐದು ನಿಮಿಷ ತಡ ಅಂದರೆ ಹೊರಗೇ.

ನಿಮ್ಮ ಮನೆಯವರು ಮೈಸೂರಿನವರು ಅಂದ ಮೇಲೆ ಅಷ್ಟಾಂಗ ಯೋಗದ ಸ್ಟುಡಿಯೋ ನೋಡಲಿ. ವೇಳಾಪಟ್ಟಿಯಲ್ಲಿ 'ಮೈಸೂರ್' ಅಂತಲೇ ಬರೆದಿರುತ್ತದೆ, ಮೈಸೂರಿನಲ್ಲಿ ಪಟ್ಟಾಭಿ ಜೋಯಿಸರು ಕಲಿಸಿದ ಕ್ರಮ. ಬೆಳಗ್ಗೆ ಬೇಗ ಶುರು, ಎಲ್ಲರೂ ತಂತಮ್ಮ ವೇಗದಲ್ಲಿ ಮಾಡ್ತಾರೆ, ಟೀಚರ್ ಸುಮ್ನೆ ಓಡಾಡ್ತಾ ತಿದ್ದುತ್ತಾರೆ. ಎಣಿಕೆ ಇದ್ದರೂ ಸಂಸ್ಕೃತದಲ್ಲೇ. ಬೆನ್ನುನೋವು, ಮಂಡಿನೋವು ಇದ್ದರೆ ಅಯ್ಯಂಗಾರ್ ಕ್ಲಾಸ್ ವಾಸಿ. ಕೋಲಾರ ಜಿಲ್ಲೆ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರ ಪದ್ಧತಿ, ಬೆಲ್ಟು, ಮರದ ಇಟ್ಟಿಗೆ, ಕಂಬಳಿ ಎಲ್ಲ ಬಳಸಿ ನಿಧಾನಕ್ಕೆ ಮಾಡಿಸ್ತಾರೆ. ಮೈಸೂರಿನಿಂದ ಇಲ್ಲಿಗೆ ಬಂದು ಯೂರೋ ಕೊಟ್ಟು 'ಮೈಸೂರ್' ಕಲಿಯೋದಾ ಅಂತ ಅತ್ತೆ ಮನೆಯವರು ನಗ್ತಾರೆ. ನಗಲಿ ಬಿಡಿ.

ಸೆಂಡ್ಲಿಂಗ್‌ನಿಂದ:
ಯಾರೂ ಅರ್ಬನ್ ಸ್ಪೋರ್ಟ್ಸ್ ಕ್ಲಬ್ ಹೆಸರು ಎತ್ತಲಿಲ್ಲವಲ್ಲ? ಒಂದೇ ಸದಸ್ಯತ್ವ, ಜಿಮ್, ಯೋಗ, ಈಜು ಎಲ್ಲ ಕಡೆ ಚೆಕ್‌ಇನ್. ವೆಲ್‌ಪಾಸ್ ಅಂತಲೂ ಒಂದಿದೆ, ಅದು ಕಂಪನಿ ಮೂಲಕ ಮಾತ್ರ. ಮೊದಲು ಎಚ್‌ಆರ್‌ಗೆ ಒಂದು ಮೇಲ್ ಹಾಕಿ, ಹೆಂಡತಿಯನ್ನೂ ಸೇರಿಸಬಹುದಾ ಅಂತ ಕೇಳಿ.

ಗೀಸಿಂಗ್‌ನಿಂದ:
ಕಂಪನಿ ಕೊಟ್ಟರೆ ಕಣ್ಣು ಮುಚ್ಚಿ ತಗೊಳ್ಳಿ, ಒಪ್ಪಿದೆ. ಕೈಯಿಂದ ಕಟ್ಟೋದಾದರೆ ಹತ್ತು ಕಡೆ ಅಲೆಯುವ ಆಸೆ ಇದ್ದವರಿಗೆ ಮಾತ್ರ. ಒಂದೇ ಜಾಗಕ್ಕೆ ತಿಂಗಳಿಗೆ ಇಷ್ಟೇ ಸಲ ಅಂತ ಮಿತಿ ಇದೆ, ಬುಕ್ ಮಾಡಿ ಹೋಗದಿದ್ದರೆ ದಂಡ ಬೀಳಬಹುದು. ದಿನಾ ಒಂದೇ ಜಿಮ್‌ಗೆ ಹೋಗುವ ಮನುಷ್ಯನಿಗೆ ಅದು ನಷ್ಟವೇ.

ಲೈಮ್‌ನಿಂದ:
ಎಲ್ಲರಿಗೂ ಥ್ಯಾಂಕ್ಸ್, ಸಹಿ ಹಾಕಿಲ್ಲ! ಒಂದು ಸಣ್ಣ ಪ್ರಶ್ನೆ, ಮೊದಲ ದಿನ ಏನೇನು ತಗೊಂಡು ಹೋಗಬೇಕು? ಸೌನಾ (ಬೆವರು ಸುರಿಸುವ ಬಿಸಿ ಕೋಣೆ) ಕೂಡ ಇದೆಯಂತೆ.

ಸೆಂಡ್ಲಿಂಗ್‌ನಿಂದ:
ದೊಡ್ಡ ಟವೆಲ್, ಕಡ್ಡಾಯ. ಬೆಂಚಿನ ಮೇಲೆ ಹಾಸದೆ ಕೂತರೆ ಪಕ್ಕದ ಅಜ್ಜಿಯೇ ಬಂದು ಹೇಳ್ತಾರೆ. ಒಳಗೆ ಮಾತ್ರ ಹಾಕುವ ಬೇರೆ ಶೂ. ಲಾಕರ್‌ಗೆ ನಿಮ್ಮದೇ ಬೀಗ. ಸೌನಾದಲ್ಲಿ ಸಾಮಾನ್ಯವಾಗಿ ಗಂಡಸರು ಹೆಂಗಸರು ಒಟ್ಟಿಗೆ, ಮೈಮೇಲೆ ಬಟ್ಟೆ ಇಲ್ಲದೆ. ಈಜುಡುಗೆ ಹಾಕಿಕೊಂಡು ಹೋದರೆ ನಿಮ್ಮನ್ನೇ ಆಚೆ ಕಳಿಸ್ತಾರೆ. ಮುಜುಗರ ಆದರೆ ಹೋಗಬೇಡಿ, ಅಷ್ಟೆ. ಹೆಂಗಸರಿಗೆ ಮಾತ್ರ ಅಂತ ಬೇರೆ ದಿನ ಇಡುವ ಕಡೆಯೂ ಇವೆ.

ಪಾಸಿಂಗ್‌ನಿಂದ:
ಒಂದು ಮರೆತೆ. ಬೇಸಿಗೆಯಲ್ಲಿ ನಗರಪಾಲಿಕೆಯದೇ 'ಫಿಟ್ ಇಮ್ ಪಾರ್ಕ್' ನಡೆಯುತ್ತದೆ, ಪಾರ್ಕುಗಳಲ್ಲಿ ಯೋಗ, ವ್ಯಾಯಾಮ, ಪೂರ್ತಿ ಉಚಿತ, ಹೆಸರು ಕೊಡೋದೂ ಬೇಡ. ಲೈಮ್‌ನಿಂದ ವೆಸ್ಟ್‌ಪಾರ್ಕ್ ದೂರವೇನಲ್ಲ, ಸೈಕಲ್‌ನಲ್ಲಿ ಹೋಗಿಬಿಡಿ. ಚಳಿಗಾಲಕ್ಕೆ ಮಾತ್ರ ಒಳಗಿನ ಜಾಗ ಈಗಲೇ ನೋಡಿಟ್ಟುಕೊಳ್ಳಿ. ಡಿಸೆಂಬರ್‌ನಲ್ಲಿ ನಾಲ್ಕೂವರೆಗೆ ಕತ್ತಲು, ಆಗ ಮನೆಯಿಂದ ಹತ್ತು ನಿಮಿಷಕ್ಕಿಂತ ದೂರದ ಕ್ಲಾಸಿಗೆ ಯಾರೂ ಏಳೋದಿಲ್ಲ. ವಿಎಚ್‌ಎಸ್‌ನ ಹೊಸ ಕೋರ್ಸ್‌ಗಳು ಬೇಸಿಗೆ ರಜೆ ಮುಗಿದ ಮೇಲೆ ಶುರು, ಸಂಜೆಯ ಸೀಟು ಬೇಗ ಮುಗಿಯುತ್ತದೆ.